ಡ್ರಾಯಿಂಗ್ ಪುಸ್ತಕವನ್ನು ಮೊದಲು ಶಿಕ್ಷಕರಿಗೆ ಕೊಡಿ

ಮಾನ್ಯ ಸಂಪಾದಕರೇ,

ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಡ್ರಾಯಿಂಗ್ ಪುಸ್ತಕ ಮತ್ತು ಬಣ್ಣದ ಪೆಟ್ಟಿಗೆ ಹಂಚಬೇಕೆಂದು ಕೋರಿ ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರ ಕಳೆದ ವಾರ ಇದೇ ಅಂಕಣದಲ್ಲಿ ಬಂದಿತ್ತು. ಬಣ್ಣದ ಪೆಟ್ಟಿಗೆಯ ಬಗ್ಗೆ ನನ್ನ ತಕರಾರಿಲ್ಲ. ಯಾರು ಕೊಟ್ಟರೂ ಎರಡು ಕೈ ಚಾಚಿ ತೆಗೆದುಕೊಳ್ಳುತ್ತೇವೆ. ಪುಸ್ತಕದ ಮಾತು ಬಂದಾಗ ಮಾತ್ರ ಎದೆ ಧಸಕ್ಕೆಂದಿತು. ಯಾವ ಪುಸ್ತಕ ಎಂದು ಅವರು ಹೇಳಿಲ್ಲ. ಹೇಳದೇ ಹೋದರೆ ನಮ್ಮ ಶಾಲೆಗಳಿಗೆ ಯಾವುದು ಬಂದು ಬೀಳುತ್ತದೆ ಎಂಬುದು ಗದಗ ತಾಲ್ಲೂಕಿನಲ್ಲಿ ಪುಟ್ಟ ಮಕ್ಕಳಿಗೆ ಆಟದ ಮೂಲಕ ಕಲಿಸುವ ನಲಿ-ಕಲಿ ತರಗತಿ ನಡೆಸುತ್ತ ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಚೆನ್ನಾಗಿ ಗೊತ್ತು.

ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ ಕಲಿಸುವವರು ಯಾರು ಎಂಬುದರಿಂದಲೇ ಶುರು ಮಾಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. 1ರಿಂದ 5ರವರೆಗಿನ ತರಗತಿಗಳಿಗೆ ಅಂತಹ ಮಾತೇ ಇಲ್ಲ. ಡ್ರಾಯಿಂಗ್ ಮಾಸ್ತರರು ಪ್ರೌಢಶಾಲೆಯಲ್ಲಿ ಸಿಗುತ್ತಾರೆ, ಅದೂ ಅದೃಷ್ಟವಿದ್ದ ಕಡೆ. ಕೈ ಇನ್ನೂ ಬಳಪ ಹಿಡಿಯಲು ಕಲಿಯುತ್ತಿರುವ, ಕಂಡದ್ದನ್ನೆಲ್ಲ ಗೋಡೆಯ ಮೇಲೆ ಗೀಚುವ ವಯಸ್ಸಿನ ಮಕ್ಕಳಿಗೆ ಕನ್ನಡ, ಗಣಿತ, ಪರಿಸರ ಅಧ್ಯಯನ ಕಲಿಸುವ ಶಿಕ್ಷಕಿಯೇ ಕಲಾ ಶಿಕ್ಷಕಿ. ಆಕೆ ಚಿತ್ರಕಲೆಯ ಲೋವರ್ ಗ್ರೇಡ್ ಪರೀಕ್ಷೆಗೂ ಕುಳಿತವಳಲ್ಲ. ‘ನನಗೆ ಆನೆ ಬಿಡಿಸಲು ಬರುವುದಿಲ್ಲ’ ಎಂದು ನಾಚಿಕೊಳ್ಳುತ್ತಾಳೆ, ಅಂಗಡಿಗೆ ಹೋಗಿ ಆನೆ ಬಿಡಿಸುವ ಕ್ರಮ ತೋರಿಸುವ ಪುಸ್ತಕ ತರುತ್ತಾಳೆ, ಕರಿಹಲಗೆಯ ಮೇಲೆ ಅದನ್ನು ಇಳಿಸುತ್ತಾಳೆ, ತರಗತಿಯ ಅಷ್ಟೂ ಮಕ್ಕಳು ಅದೇ ಆನೆಯನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಪಿರಿಯಡ್ ಮುಗಿಯಿತು.

ಆ ಪುಸ್ತಕಗಳನ್ನು ನೀವೂ ನೋಡಿರುತ್ತೀರಿ. ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಿಂದ ಹಿಡಿದು ನಮ್ಮೂರ ಸಂತೆಯವರೆಗೆ ಎಲ್ಲ ಕಡೆಯೂ ಸಿಗುತ್ತವೆ. ಎಡಗಡೆ ಅಚ್ಚಾದ ಚಿತ್ರ, ಬಲಗಡೆ ಅದನ್ನೇ ನಕಲು ಮಾಡಲು ಖಾಲಿ ಜಾಗ. ಸೇಬು, ಬಲೂನು, ಹಿಮದ ಗೊಂಬೆ. ಗದಗದ ಮಗುವಿಗೆ ಹಿಮದ ಗೊಂಬೆ! ಕೊನೆಯ ಪುಟದಲ್ಲಿ ನಿಸರ್ಗ ದೃಶ್ಯ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಹೊಳೆಯ ದಂಡೆಗೆ ಕೆಂಪು ಹೆಂಚಿನ ಮನೆ, ಪಕ್ಕದಲ್ಲೊಂದು ತೆಂಗಿನ ಮರ. ರೋಣದ ಎರೆಹೊಲದ ಹುಡುಗ ಆ ಹೊಳೆಯನ್ನು ಕಂಡಿಲ್ಲ. ಅವನು ಕಂಡದ್ದು ಕಣ್ಣು ಹಾಯುವಷ್ಟು ದೂರದ ಬಿಳಿಜೋಳ, ಹಿಂಗಾರಿನ ಕಡಲೆ, ಮಣ್ಣಿನ ಮೇಲುಮುದ್ದೆಯ ಮನೆ. ಕಪ್ಪತಗುಡ್ಡದ ಕಡೆಯ ಹುಡುಗಿ ಗುಡ್ಡವನ್ನೇನೋ ಕಂಡಿದ್ದಾಳೆ, ಆದರೆ ಅದರ ನೆತ್ತಿಯ ಮೇಲೆ ಸೂರ್ಯನಿಗಿಂತ ಮೊದಲು ಕಾಣುವುದು ತಿರುಗುವ ಗಾಳಿಯಂತ್ರಗಳು. ಸ್ಪರ್ಧೆಯೊಂದರಲ್ಲಿ ಗಾಳಿಯಂತ್ರಗಳ ಸಾಲನ್ನು ಬಿಡಿಸಿದ್ದ ಒಬ್ಬ ಹುಡುಗಿಯ ಹಾಳೆಯನ್ನು ತೀರ್ಪುಗಾರರು ‘ನಿಸರ್ಗ ದೃಶ್ಯದಲ್ಲಿ ಯಂತ್ರ ಏಕೆ’ ಎಂದು ಪಕ್ಕಕ್ಕಿಟ್ಟದ್ದನ್ನು ನಾನೇ ನೋಡಿದ್ದೇನೆ. ಮೊದಲ ಬಹುಮಾನ ಎರಡು ಗುಡ್ಡ, ಒಂದು ಸೂರ್ಯನಿಗೆ ಹೋಯಿತು. ಮುಂದಿನ ವರ್ಷ ಆ ಹುಡುಗಿಯೂ ತೆಂಗಿನ ಮರ ಬಿಡಿಸಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು: ಮಕ್ಕಳಿಗೆ ಖಾಲಿ ಕಾಗದ ಕೊಡಿ, ಪುಸ್ತಕವನ್ನು ಶಿಕ್ಷಕರಿಗೆ ಕೊಡಿ. ಶಿಕ್ಷಕಿ ಓದಿ, ಮುಚ್ಚಿಟ್ಟು, ನಂತರ ತರಗತಿಗೆ ಹೋಗುವಂಥ ಪುಸ್ತಕ. ಅಂತಹವು ಇವೆ. ಕನ್ನಡದಲ್ಲಿ ಕಡಿಮೆ, ಆದರೆ ಇವೆ. ನನಗೆ ಉಪಯೋಗಕ್ಕೆ ಬಂದವನ್ನು ಬರೆಯುತ್ತೇನೆ. ಪತ್ರ ಉದ್ದವಾದರೆ ನನ್ನ ಸಿಟ್ಟನ್ನು ಕತ್ತರಿಸಿ, ಪುಸ್ತಕಗಳ ಹೆಸರನ್ನು ಉಳಿಸಿ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ವಿಕ್ಟರ್ ಲೋವೆನ್‌ಫೆಲ್ಡ್ ಅವರ ‘ಕ್ರಿಯೇಟಿವ್ ಆ್ಯಂಡ್ ಮೆಂಟಲ್ ಗ್ರೋತ್’. 1947ರಲ್ಲಿ ಅಮೆರಿಕದಲ್ಲಿ ಬಂದ ದಪ್ಪನೆಯ ಇಂಗ್ಲಿಷ್ ಪುಸ್ತಕ. ಲೇಖಕರು ಆಸ್ಟ್ರಿಯಾದವರು, ವಿಯೆನ್ನಾದಲ್ಲಿ ಅಂಧ ಮಕ್ಕಳಿಗೆ ಜೇಡಿಮಣ್ಣಿನಲ್ಲಿ ಆಕೃತಿ ಮಾಡಲು ಕಲಿಸಿದವರು, ನಾಜಿಗಳ ಕಾಲದಲ್ಲಿ ದೇಶ ಬಿಟ್ಟವರು. ಧಾರವಾಡದ ಗ್ರಂಥಾಲಯವೊಂದರಲ್ಲಿ ಸಿಕ್ಕ ಪ್ರತಿಯಿಂದ ನಾನು ಓದಿದ್ದು ಬೆಳವಣಿಗೆಯ ಹಂತಗಳ ಅಧ್ಯಾಯಗಳನ್ನು ಮಾತ್ರ, ನಿಘಂಟು ಪಕ್ಕದಲ್ಲಿಟ್ಟುಕೊಂಡು. ಅಷ್ಟು ಸಾಕು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಕಾಲ. ನಾಲ್ಕರಿಂದ ಏಳರವರೆಗೆ ತಲೆಗೇ ಕೈಕಾಲು ಅಂಟಿಸಿದ ಮನುಷ್ಯರು, ಕಾಗದದ ತುಂಬ ತೇಲುವ ವಸ್ತುಗಳು. ಏಳರಿಂದ ಒಂಬತ್ತರವರೆಗೆ ಮಗು ಕಾಗದದ ಕೆಳಗೆ ಒಂದು ಗೆರೆ ಎಳೆದು ಎಲ್ಲವನ್ನೂ ಅದರ ಮೇಲೆ ನಿಲ್ಲಿಸುತ್ತದೆ, ಪ್ರತಿಯೊಂದಕ್ಕೂ ತನ್ನದೇ ಒಂದು ಸ್ಥಿರ ಆಕಾರ ಕಂಡುಕೊಳ್ಳುತ್ತದೆ. ಒಂಬತ್ತು ದಾಟಿದ ಮೇಲೆ ‘ನಿಜದ ಹಾಗೆ ಕಾಣಬೇಕು’ ಎಂಬ ಹಟ, ಅದರ ಬೆನ್ನಿಗೆ ‘ನನಗೆ ಬರುವುದಿಲ್ಲ’ ಎಂಬ ಸಂಕೋಚ.

ಇದನ್ನು ಓದಿದ ಮೇಲೆ ಮಕ್ಕಳ ಚಿತ್ರ ನೋಡುವ ಕಣ್ಣೇ ಬದಲಾಯಿತು. ಜಾತ್ರೆಯ ತೇರು ಬಿಡಿಸಿದ ಎರಡನೇ ತರಗತಿಯ ಹುಡುಗ ಗಾಲಿಗಳನ್ನು ಎರಡೂ ಬದಿಗೆ ಮಲಗಿಸಿದ್ದಾನೆ, ಹಗ್ಗ ಎಳೆಯುವವರು ಒಂದು ಸಾಲು ಮೇಲ್ಮುಖ, ಇನ್ನೊಂದು ಸಾಲು ತಲೆಕೆಳಗು. ಇದು ತಪ್ಪಲ್ಲ. ಬೀದಿಯ ನಡುವೆ ನಿಂತು ಎರಡೂ ಕಡೆ ನೋಡಿದವನ ಚಿತ್ರ ಅದು, ಕಾಗದವನ್ನು ಎರಡೂ ಕಡೆಯಿಂದ ಮೇಲಕ್ಕೆ ಮಡಚಿದರೆ ತೇರು ಎದ್ದು ನಿಲ್ಲುತ್ತದೆ. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಮನೆಯ ಚಿತ್ರ ಬಿಡಿಸಿದರೆ ಗೋಡೆಯೂ ಇದೆ, ಗೋಡೆಯ ಒಳಗಿನ ಮಗ್ಗವೂ, ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಅಜ್ಜಿಯ ಕಾಲೂ ಕಾಣುತ್ತದೆ. ಒಳಗೆ ಇರುವುದು ಮುಖ್ಯವಾದರೆ ಈ ವಯಸ್ಸಿನ ಮಗುವಿಗೆ ಗೋಡೆ ಪಾರದರ್ಶಕ. ಅಮ್ಮ ಮನೆಗಿಂತ ದೊಡ್ಡವಳಾಗಿರುವುದಕ್ಕೂ ಇದೇ ಲೆಕ್ಕ. ಹಂತ ತಿಳಿದ ಶಿಕ್ಷಕಿ ಇವುಗಳ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಎಳೆಯುವುದಿಲ್ಲ. ‘ಅಜ್ಜಿ ಯಾವ ಸೀರೆ ನೇಯುತ್ತಿದ್ದಾಳೆ, ಅಂಚು ಎಂಥದು’ ಎಂದು ಕೇಳುತ್ತಾಳೆ, ಹುಡುಗಿ ಹಾಳೆ ಹಿಂದಕ್ಕೆ ಪಡೆದು ಅಂಚು ಸೇರಿಸುತ್ತಾಳೆ. ಅಚ್ಚಾದ ಗೆರೆಯೊಳಗೆ ಬಣ್ಣ ತುಂಬಿಸುವ ಪುಸ್ತಕಗಳನ್ನು ಲೋವೆನ್‌ಫೆಲ್ಡ್ ಕಟುವಾಗಿ ವಿರೋಧಿಸಿದ್ದರು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ನಿಮ್ಮ ಪತ್ರಿಕೆಗೇ ಒಂದು ಮಾತು ಹೇಳುವುದಿದೆ.

ಇಂಗ್ಲಿಷಿನ ದಪ್ಪ ಪುಸ್ತಕ ಬೇಡ ಎನ್ನುವವರಿಗೆ ನಮ್ಮ ನೆಲಕ್ಕೆ ಹತ್ತಿರವಾದ ಎರಡು ಇವೆ. ಬೆಂಗಳೂರಿನ ಹೊರವಲಯದ ಸಿಲ್ವೇಪುರದಲ್ಲಿ ಸೀತಾ ಶಾಲೆ ನಡೆಸಿದ ಜೇನ್ ಸಾಹಿ ಅವರು ರೋಶನ್ ಸಾಹಿ ಅವರೊಂದಿಗೆ ಬರೆದ ‘ಲರ್ನಿಂಗ್ ಥ್ರೂ ಆರ್ಟ್’ ಅನ್ನು ಭೋಪಾಲದ ಏಕಲವ್ಯ ಸಂಸ್ಥೆ ಪ್ರಕಟಿಸಿದೆ. ಇಂಗ್ಲಿಷ್ ಸರಳ, ಚಟುವಟಿಕೆಗಳು ಕರ್ನಾಟಕದ ಹಳ್ಳಿಯ ಮಕ್ಕಳ ಕೈಯಿಂದ ಹಾದು ಬಂದವು. ಇನ್ನೊಂದು ದೇವಿ ಪ್ರಸಾದ್ ಅವರ ‘ಆರ್ಟ್: ದಿ ಬೇಸಿಸ್ ಆಫ್ ಎಜುಕೇಶನ್’, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಣೆ, ಹಿಂದಿಯಲ್ಲಿಯೂ ಇದೆ. ಶಾಂತಿನಿಕೇತನದಲ್ಲಿ ಕಲಿತ ಅವರು 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯವರ ನಯೀ ತಾಲೀಮ್ ಶಾಲೆಯಲ್ಲಿ ಕಲಾ ಶಿಕ್ಷಕರಾದರು, ಮುಂದೆ ಕುಂಬಾರಿಕೆಯಲ್ಲಿ ಹೆಸರು ಮಾಡಿದರು. ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಪಾಸು ಮಾಡಿದ ಶಿಕ್ಷಕಿಯರು ಧಾರವಾಡ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ, ಆ ಹಿಂದಿ ಎಂದಿಗಾದರೂ ಕೆಲಸಕ್ಕೆ ಬರಲಿ. ಏಕಲವ್ಯದ ಮಕ್ಕಳ ಮಾಸಿಕ ‘ಚಕ್‌ಮಕ್’ ಅನ್ನೂ ಅದೇ ಹಿಂದಿಯಲ್ಲಿ ಓದಬಹುದು. ಮಕ್ಕಳು ಬಿಡಿಸಿದ ಚಿತ್ರವನ್ನು ತಿದ್ದದೆ, ಅಂದಗೊಳಿಸದೆ ಹೇಗೆ ಅಚ್ಚು ಹಾಕಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಕನ್ನಡದಲ್ಲೇ ಬೇಕೆಂದರೆ ‘ತೊತ್ತೋ-ಚಾನ್’ ಓದಿ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲಿ ತಂದಿದೆ, ಬೆಲೆ ಹೊರೆಯಾಗುವಂಥದ್ದಲ್ಲ. ಅದು ಕಲಾ ಪುಸ್ತಕವಲ್ಲ, ತೆತ್ಸುಕೊ ಕುರೊಯಾನಾಗಿ ಅವರ ಬಾಲ್ಯದ ನೆನಪು. ಆದರೆ ಅದರಲ್ಲಿ ಎರಡು ಪ್ರಸಂಗಗಳಿವೆ, ತರಬೇತಿ ಶಿಬಿರದ ಉಪನ್ಯಾಸಗಳಿಗಿಂತ ಮೇಲಾದವು. ಮೊದಲ ಶಾಲೆಯಲ್ಲಿ ಹುಡುಗಿ ಬಾವುಟ ಬಿಡಿಸುತ್ತಾಳೆ, ಬಾವುಟದ ಸುತ್ತಲಿನ ಕುಚ್ಚಿಗೆ ಕಾಗದದಲ್ಲಿ ಜಾಗ ಸಾಲದೆ ಮೇಜಿನ ಮೇಲೂ ಬಣ್ಣ ಹರಿಯುತ್ತದೆ. ಆಕೆಯನ್ನು ಶಾಲೆಯಿಂದ ಬಿಡಿಸಲು ಶಿಕ್ಷಕಿ ಕೊಡುವ ಕಾರಣಗಳಲ್ಲಿ ಇದೂ ಒಂದು. ಎರಡನೆಯ ಶಾಲೆಯಲ್ಲಿ ಕೊಬಾಯಾಶಿ ಮಾಸ್ತರರು ಸಭಾಂಗಣದ ನೆಲವನ್ನೇ ಮಕ್ಕಳಿಗೆ ಬಿಟ್ಟುಕೊಟ್ಟು ಸೀಮೆಸುಣ್ಣ ಹಂಚುತ್ತಾರೆ. ಒರೆಸುವ ಕೆಲಸವೂ ಮಕ್ಕಳದ್ದೇ, ಹಾಗಾಗಿ ಬೇರೆಲ್ಲೂ ಗೀಚುವ ಆಸೆ ಅವರಿಗಾಗುವುದಿಲ್ಲ. ನಮ್ಮ ಶಾಲೆಯ ಕಟ್ಟೆಯ ಕಡಪಾ ಕಲ್ಲು ಆ ಪ್ರಸಂಗ ಓದಿದ ಮರುದಿನವೇ ಡ್ರಾಯಿಂಗ್ ಪುಸ್ತಕವಾಯಿತು. ಕಾಗದ ಕೊಳ್ಳಲು ಅನುದಾನ ಬರಬೇಕಿಲ್ಲ. ಕಲೆಯ ಇತಿಹಾಸ ತಿಳಿಯುವ ಹಂಬಲವಿದ್ದವರು ಶಿವರಾಮ ಕಾರಂತರ ‘ಕಲಾಪ್ರಪಂಚ’ವನ್ನು ಹುಡುಕಲಿ. ಲಲಿತಕಲಾ ಅಕಾಡೆಮಿ ಕರ್ನಾಟಕದ ಕಲಾವಿದರ ಬಗ್ಗೆ ತಂದಿರುವ ಪುಸ್ತಕಗಳೂ ಗ್ರಂಥಾಲಯಗಳ ಮೂಲೆಯಲ್ಲಿ ಧೂಳು ತಿನ್ನುತ್ತಿವೆ. ಅವು ನಾಲ್ಕನೇ ತರಗತಿಗೆ ಪಾಠವಾಗುವುದಿಲ್ಲ ನಿಜ, ಆದರೆ ಒಳಗಿನ ಚಿತ್ರಗಳನ್ನು ಮಕ್ಕಳಿಗೆ ತೋರಿಸಲು ಯಾರ ಅಪ್ಪಣೆ ಬೇಕು?

ಆನೆಯ ಮಾತಿಗೆ ಮರಳುತ್ತೇನೆ. ಚೆನ್ನೈನ ತಾರಾ ಬುಕ್ಸ್ ಪ್ರಕಟಿಸಿದ ‘8 ವೇಸ್ ಟು ಡ್ರಾ ಆ್ಯನ್ ಎಲಿಫೆಂಟ್’ ಎಂಬ ತೆಳುವಾದ ಪುಸ್ತಕದಲ್ಲಿ ಗೊಂಡ, ಮಿಥಿಲಾ ಮೊದಲಾದ ಜನಪದ ಶೈಲಿಗಳವರು ಒಂದೇ ಆನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿದ್ದಾರೆ. ಒಂದರ ಮೈತುಂಬ ಚುಕ್ಕೆ, ಇನ್ನೊಂದರ ಮೈತುಂಬ ಎಲೆ. ಮಕ್ಕಳ ಮುಂದೆ ಅದನ್ನು ತೆರೆದಿಟ್ಟರೆ ‘ಸರಿಯಾದ ಆನೆ ಯಾವುದು’ ಎಂಬ ಪ್ರಶ್ನೆ ತಾನಾಗಿ ಬಿದ್ದುಹೋಗುತ್ತದೆ.

ಹಣ ಖರ್ಚಿಲ್ಲದೆ ಸಿಗುವವು ಬೇರೆ ಇವೆ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ 2024ರಲ್ಲಿ ಮೂರನೇ ತರಗತಿಗೆ ‘ಬಾಂಸುರಿ’, ಆರನೇ ತರಗತಿಗೆ ‘ಕೃತಿ’ ಎಂಬ ಕಲಾ ಶಿಕ್ಷಣದ ಪುಸ್ತಕಗಳನ್ನು ತಂದಿದೆ. ಚಿತ್ರ, ಸಂಗೀತ, ನೃತ್ಯ, ನಾಟಕ ನಾಲ್ಕೂ ಸೇರಿವೆ, ಅವರ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಕಲೆಯನ್ನು ಹತ್ತನೇ ತರಗತಿಯವರೆಗೆ ಕಡ್ಡಾಯ ವಿಷಯ ಮಾಡಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೊತ್ತಿಗೇ ತಜ್ಞರ ತಂಡ ಹೇಳಿತ್ತು. ಪುಸ್ತಕ ಬರಲು ಇಷ್ಟು ಕಾಲ ಹಿಡಿಯಿತು, ಇರಲಿ. ಅರವಿಂದ ಗುಪ್ತಾ ಅವರ ಜಾಲತಾಣದಲ್ಲಿ ಕಸದಿಂದ ಆಟಿಕೆ ಮಾಡುವ ವಿಧಾನಗಳೂ ಮಕ್ಕಳ ಪುಸ್ತಕಗಳೂ ಉಚಿತವಾಗಿವೆ, ಕನ್ನಡದವೂ ಇವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಧಾರಾಳವಾಗಿವೆ. ನಾನು ಅವುಗಳನ್ನು ಓದಿಗೆ ಬಳಸುವಷ್ಟೇ ನೋಟಕ್ಕೂ ಬಳಸುತ್ತೇನೆ: ಮಾತು ಮುಚ್ಚಿಟ್ಟು ಚಿತ್ರ ಮಾತ್ರ ತೋರಿಸಿ, ಏನಾಗುತ್ತಿದೆ ಹೇಳಿ ಎನ್ನುತ್ತೇನೆ. ಮೊಬೈಲಿನಲ್ಲಿ ಸಿಗುವ ‘ಹತ್ತು ನಿಮಿಷದಲ್ಲಿ ನವಿಲು’ ಬಗೆಯ ವಿಡಿಯೊಗಳು ಸಂತೆಯ ಪುಸ್ತಕದ ತಮ್ಮಂದಿರು, ಅವುಗಳ ಸುದ್ದಿ ಬೇಡ. ದೆಹಲಿಯ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ತರಬೇತಿಗೆ ಶಿಕ್ಷಕರನ್ನು ಕಳಿಸಿದ ಶಾಲೆಗಳಿಗೆ ಕೊಡುವ ಸಾಂಸ್ಕೃತಿಕ ಕಿಟ್‌ಗಳಲ್ಲಿ ಒಳ್ಳೆಯ ಛಾಯಾಚಿತ್ರಗಳಿರುತ್ತವೆ. ನಾನು ಕಂಡ ಒಂದು ಕಿಟ್ ಮಾತ್ರ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ, ಬೀಗದೊಳಗೆ, ತಪಾಸಣೆಗೆ ಬರುವ ಸಾಹೇಬರ ದರ್ಶನಕ್ಕಾಗಿ ಕಾಯುತ್ತಿತ್ತು. ಕಲಾವಿದ ನಂದಲಾಲ ಬೋಸ್ 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಬಿಡಿಸಿದ ಪೋಸ್ಟರ್‌ಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಡೋಲು ಬಾರಿಸುವವರು, ದುಡಿಯುವ ಹೆಂಗಸರು, ಪೈಲ್ವಾನರು. ದಪ್ಪ ಗೆರೆ, ಮಣ್ಣಿನ ಬಣ್ಣ. ಗಾಂಧೀಜಿ ಕೇಳಿಕೊಂಡದ್ದು ಹಳ್ಳಿಯ ಜನ ನೋಡುವಂಥ ಚಿತ್ರಗಳನ್ನು. ಐದನೇ ತರಗತಿಗೆ ಇವುಗಳನ್ನು ತೋರಿಸಿದ ದಿನ ‘ನಮಗೂ ಮಣ್ಣಿನ ಬಣ್ಣ ಬೇಕು’ ಎಂದು ಮಕ್ಕಳೇ ಕೇಳಿದರು.

ಮಣ್ಣಿನ ವಿಷಯಕ್ಕೆ ಬಂದರೆ ನಮ್ಮ ಸೀಮೆಗೆ ಯಾವ ಪುಸ್ತಕವೂ ಗುರುವಲ್ಲ, ಪಂಚಾಂಗವೇ ಗುರು. ಮುಂಗಾರು ಹಿಡಿದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಶ್ರಾವಣದಲ್ಲಿ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಐದು ಸಲ ಮಣ್ಣನ್ನು ಆಕೃತಿ ಮಾಡಿ ಪೂಜಿಸುವ ಊರುಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯ ಬಣ್ಣದ ಹಿಟ್ಟು ತರಿಸಿ ‘ಕ್ಲೇ ಮಾಡೆಲಿಂಗ್’ ಮಾಡಿಸುವುದನ್ನು ನೋಡಿದರೆ ನಗು ಬರುತ್ತದೆ. ಎತ್ತು ಮಾಡಲು ಬಾರದ ಮಗು ನನ್ನ ತರಗತಿಗೆ ಬಂದಿಲ್ಲ. ಹಿಣಿಲು, ಕೋಡು, ಗೋದಲಿ ಎಲ್ಲ ಬೇಕು ಎನ್ನುತ್ತಾರೆ, ಕೊರಳಿಗೆ ಗೆಜ್ಜೆಯ ಬದಲು ಕುಸುಬಿಯ ಕಾಳು ಒತ್ತುತ್ತಾರೆ.

ಒಂದು ತೊಡಕಿದೆ. ಶುದ್ಧ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಇದಕ್ಕೇ. ಸೋಸಿದ ಮರಳು ಅಥವಾ ಒಲೆಯ ಬೂದಿ, ಸ್ವಲ್ಪ ಹತ್ತಿಯ ಎಳೆ ಬೆರೆಸಿ ಮಿದ್ದು, ಒದ್ದೆ ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡಬೇಕು. ಒಣಗಿಸುವುದು ನೆರಳಲ್ಲಿ. ಕಾಲು ಮುರಿಯುವುದು ಯಾವಾಗಲೂ ಬೇರೆಯಾಗಿ ಮಾಡಿ ಅಂಟಿಸಿದ ಎತ್ತಿನದು. ಒಂದೇ ಉಂಡೆಯಿಂದ ಎಳೆದು ತೆಗೆದ ಕಾಲು ನಿಲ್ಲುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮೂರ ಕುಂಬಾರರು. ತರಗತಿಗೆ ಕರೆದರೆ ಬಂದು ಕುಳಿತು ಮಾಡಿ ತೋರಿಸುತ್ತಾರೆ, ಅವರಿಗೂ ಸಂತೋಷ.

ಬಣ್ಣಕ್ಕೂ ಮಣ್ಣು ಸಾಕು. ಗದಗ ಜಿಲ್ಲೆಯ ಒಂದು ತುದಿಯಲ್ಲಿ ಕಡುಕಪ್ಪು, ಇನ್ನೊಂದು ತುದಿಯಲ್ಲಿ ಕಬ್ಬಿಣದ ಅಂಶದಿಂದ ಕೆಂಪಾದ ನೆಲ, ನಡುವೆ ಹಳದಿ, ಬೂದು. ಮಕ್ಕಳಿಗೆ ಅವರವರ ಹೊಲದ ಹಿಡಿ ಮಣ್ಣು ತರಲು ಹೇಳಿ. (ಕಪ್ಪತಗುಡ್ಡ ಈಗ ವನ್ಯಜೀವಿಧಾಮ, ಅಲ್ಲಿ ಅಗೆಯುವುದು ಬೇಡ. ರಸ್ತೆ ಬದಿಯ ಕೆಮ್ಮಣ್ಣೇ ಧಾರಾಳ.) ನೀರಿನಲ್ಲಿ ಕಲಕಿ, ದಪ್ಪ ಕಣ ತಳಕ್ಕಿಳಿದ ಮೇಲೆ ಮೇಲಿನ ಬಗ್ಗಡವನ್ನು ಹಳೆಯ ಪಂಚೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಬಸಿಯಿರಿ. ಅದು ಇಳಿದ ಮೇಲೆ ಸಿಗುವ ನುಣುಪು ಮಣ್ಣಿಗೆ ರಾತ್ರಿ ನೆನೆಸಿಟ್ಟ ಜಾಲಿ ಅಂಟು ಅಥವಾ ಬೇಲದ ಅಂಟು ಬೆರೆಸಿದರೆ ಬಣ್ಣ ಸಿದ್ಧ. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಪುಡಿ ಉದುರುತ್ತದೆ, ಹೆಚ್ಚಾದರೆ ಸಿಡಿದು ಏಳುತ್ತದೆ. ನಾಲ್ಕು ದಿನ ಇಟ್ಟರೆ ನಾರುತ್ತದೆ, ಬೇಕಾದಷ್ಟೇ ಮಾಡಿ. ಕಪ್ಪಿಗೆ ತೊಗರಿ ಕಟ್ಟಿಗೆಯ ಇದ್ದಿಲು, ಬಿಳಿಗೆ ಸುಣ್ಣದ ಪುಡಿಯ ಬದಲು ಸೀಮೆಸುಣ್ಣದ ಚೂರು, ಸುಣ್ಣ ಎಳೆಯ ಕೈಗಳಿಗೆ ಉರಿ. ಅರಿಸಿನ ಕಾಗದದ ಮೇಲೆ ಸೊಗಸಾಗಿ ಹತ್ತುತ್ತದೆ, ಆದರೆ ಬಿಸಿಲಿಗೆ ಮಾಸುತ್ತದೆ. ಅರಿಸಿನ ಬಳಿದ ಕಾಗದಕ್ಕೆ ಶಿಕ್ಷಕಿ ತಾನೇ ಒಂದು ತೊಟ್ಟು ಸುಣ್ಣದ ತಿಳಿ ತಾಗಿಸಿ ಕೆಂಪಾಗುವುದನ್ನು ತೋರಿಸಿದರೆ ವಿಜ್ಞಾನದ ಪಾಠವೂ ಆದಂತೆ. ಹಾವೇರಿಯ ಪತ್ರಲೇಖಕರು ಬ್ಯಾಡಗಿ ಮೆಣಸಿನಕಾಯಿಯ ಕೆಂಪನ್ನು ಸೂಚಿಸಬಹುದು. ಆ ಕೆಂಪು ದೇಶವಿದೇಶಗಳ ಆಹಾರದ ಬಣ್ಣವಾಗಿ ಹೋಗುತ್ತದೆ, ನಿಜ. ಕಣ್ಣುಜ್ಜಿಕೊಳ್ಳುವ ಮಕ್ಕಳಿರುವ ತರಗತಿಗೆ ಮಾತ್ರ ದಯವಿಟ್ಟು ಬೇಡ.

ಚೌಕುಳಿ ಗಣಿತ ಪುಸ್ತಕ ಪ್ರತಿ ಮಗುವಿನ ಚೀಲದಲ್ಲಿದೆ, ಅದೇ ಕಸೂತಿಯ ಪುಸ್ತಕ. ಧಾರವಾಡ ಸೀಮೆಯ ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ಬಟ್ಟೆಯ ಮೇಲೆ ಅಚ್ಚು ಹಾಕಿಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಗವಂತಿಯಲ್ಲಿ ಎರಡೂ ಮುಖ ಒಂದೇ ರೀತಿ ಕಾಣಬೇಕು. ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲು ಎಲ್ಲವೂ ನೇರ ಗೆರೆ ಮತ್ತು ಓರೆ ಗೆರೆಯಲ್ಲೇ ಹುಟ್ಟುತ್ತವೆ. ಮಕ್ಕಳು ಅಜ್ಜಿಯ ಇಳಕಲ್ ಸೀರೆಯ ಮೇಲಿನ ಒಂದು ಗೋಪುರವನ್ನು ಚೌಕ ಎಣಿಸಿ ಪುಸ್ತಕಕ್ಕೆ ಇಳಿಸಲಿ, ನಂತರ ಅದೇ ಲೆಕ್ಕದಲ್ಲಿ ತಮ್ಮ ಸೈಕಲ್ಲನ್ನೋ ಬಸ್ಸನ್ನೋ ಕಸೂತಿ ಮಾಡಲಿ. ಸಮ್ಮಿತಿ ಎಂಬ ಗಣಿತದ ಅಧ್ಯಾಯ ಆ ವಾರ ತಾನೇ ಮುಗಿದಿರುತ್ತದೆ. ನವಲಗುಂದದ ಜಮಖಾನದ ವಿನ್ಯಾಸಗಳಿಗೂ ಇದೇ ದಾರಿ. ಹುಬ್ಬಳ್ಳಿಯ ಮಕ್ಕಳಿಗೆ ಇನ್ನೂ ಹತ್ತಿರದ್ದು ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, ರಾಷ್ಟ್ರಧ್ವಜ ತಯಾರಾಗುವ ಜಾಗ. ಉದ್ದ ಅಗಲ ಮೂರಕ್ಕೆ ಎರಡು, ಚಕ್ರಕ್ಕೆ 24 ಅರೆಗಳು, ಒಂದೊಂದರ ನಡುವೆ 15 ಡಿಗ್ರಿ. ಕೈವಾರ ಹಿಡಿಯಲು ಕಲಿತ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಪ್ರವಾಸವೆಂದರೆ ದೂರದ ಅರಮನೆಯೇ ಆಗಬೇಕೆಂಬ ಹುಚ್ಚನ್ನೂ ಬಿಡಬೇಕು. ಲಕ್ಕುಂಡಿ ಗದಗಿನಿಂದ ಹತ್ತಿರದಲ್ಲೇ ಇದೆ. ಕಾಶಿವಿಶ್ವೇಶ್ವರ ದೇವಾಲಯವನ್ನು ಇಡಿಯಾಗಿ ಬಿಡಿಸಿ ಎಂದರೆ ಮಕ್ಕಳು ಕಂಗಾಲಾಗುತ್ತಾರೆ. ಒಂದು ಕಂಬದ ಉಂಗುರಗಳನ್ನು ಮಾತ್ರ ಬಿಡಿಸಿ, ಮುಸುಕಿನ ಬಾವಿಯ ಒಂದು ಬದಿಯ ಮೆಟ್ಟಿಲು ಮಾತ್ರ ಬಿಡಿಸಿ ಎಂದರೆ ಒಂದು ಗಂಟೆ ತಲೆ ಎತ್ತುವುದಿಲ್ಲ. ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜುವ ಆಟವನ್ನು ನಾಣ್ಯ, ಎಲೆ, ಬಾಗಿಲಿನ ಮೊಳೆಗಳ ಮೇಲೆ ಆಡಿಸಿ, ಸಂರಕ್ಷಿತ ಶಿಲ್ಪಗಳ ಮೇಲೆ ಬೇಡ. ಹಾವೇರಿ ಕಡೆಯವರಿಗೆ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತಿದೆ, ಮಲಗಿಕೊಂಡೇ ನೋಡಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಕುಟ್ಟುವವರು, ಬೀಸುವವರು, ಕುಸ್ತಿ ಆಡುವವರು, ಎಲ್ಲ ಆಳೆತ್ತರದವರು. ಅಲ್ಲಿಗೆ ಶಾಲಾ ಬಸ್ಸುಗಳು ಬರುತ್ತವೆ, ಮಕ್ಕಳು ಫೋಟೊಗೆ ನಿಲ್ಲುತ್ತಾರೆ, ಹೊರಡುತ್ತಾರೆ. ಒಬ್ಬರ ಕೈಯಲ್ಲೂ ಪೆನ್ಸಿಲ್ ಕಂಡಿಲ್ಲ.

ಇಷ್ಟೆಲ್ಲ ಇದ್ದರೂ ಒಬ್ಬೊಬ್ಬ ಶಿಕ್ಷಕಿಯೂ ಇದನ್ನು ತಾನೇ ಹುಡುಕಿಕೊಳ್ಳಬೇಕು ಎನ್ನುವುದು ನ್ಯಾಯವಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾ ಶಾಲೆ ಕಟ್ಟಿ ಈ ಸೀಮೆಗೆ ತಲೆಮಾರುಗಟ್ಟಲೆ ಡ್ರಾಯಿಂಗ್ ಮಾಸ್ತರರನ್ನು ಕೊಟ್ಟರು. ಅಂತಹ ಕಡೆ ಕಲಿಯುತ್ತಿರುವವರು, ಕಲಿತು ಹೊರಬಂದವರು ತಿಂಗಳಿಗೊಮ್ಮೆ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಮಧ್ಯಾಹ್ನ ಕಳೆಯುವಂತೆ ಏರ್ಪಾಡು ಮಾಡಲು ದೊಡ್ಡ ಆದೇಶವೇನೂ ಬೇಕಿಲ್ಲ. ಅವರು ಬಂದು ಚಿತ್ರ ಬಿಡಿಸಿ ತೋರಿಸುವುದು ಬೇಡ. ಮಕ್ಕಳು ಬಿಡಿಸುವಾಗ ಪಕ್ಕದಲ್ಲಿ ಕುಳಿತು ತಮ್ಮದನ್ನು ತಾವು ಬಿಡಿಸಲಿ.

ಮತ್ತು ಕನ್ನಡದಲ್ಲಿ ಒಂದು ಕೈಪಿಡಿ ಬೇಕು. ಲಲಿತಕಲಾ ಅಕಾಡೆಮಿಯೋ ಪಠ್ಯಪುಸ್ತಕ ಸಂಘವೋ ಯಾರು ಮಾಡಿದರೂ ಸರಿ. ನೂರು ಪುಟ ಮೀರಬಾರದು. ನಕಲು ಮಾಡಲು ಯೋಗ್ಯವಾದ ಒಂದು ಚಿತ್ರವೂ ಅದರಲ್ಲಿ ಇರಬಾರದು. ಇರುವ ಚಿತ್ರಗಳೆಲ್ಲ ಬೇರೆ ಬೇರೆ ವಯಸ್ಸಿನ ಮಕ್ಕಳವೇ ಆಗಿರಲಿ, ಪಕ್ಕದಲ್ಲಿ ‘ಇದನ್ನು ನೋಡಿ ಮಗುವಿಗೆ ಏನು ಕೇಳಬಹುದು’ ಎಂಬ ಎರಡು ಸಾಲಿರಲಿ. ಬೀದರಿನ ಶಿಕ್ಷಕಿಗೆ ಬೀದರಿನ ಮಣ್ಣು, ಕಾರವಾರದವರಿಗೆ ಕಾರವಾರದ ಚಿಪ್ಪು ಎಂಬಂತೆ ಜಿಲ್ಲೆಗೊಂದು ಅಧ್ಯಾಯ. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿಗೊಂದು ಪೆಟ್ಟಿಗೆ, ಅದರಲ್ಲಿ ಈ ಕೈಪಿಡಿ, ನಾನು ಮೇಲೆ ಹೆಸರಿಸಿದ ಪುಸ್ತಕಗಳು, ದಪ್ಪ ಕುಂಚಗಳು. ಪೆಟ್ಟಿಗೆ ಶಾಲೆಯಿಂದ ಶಾಲೆಗೆ ತಿರುಗಲಿ. ಬೀಗ ಮಾತ್ರ ಕೊಡಬೇಡಿ.

ಕೊನೆಯದಾಗಿ ನಿಮ್ಮ ಭಾನುವಾರದ ಮಕ್ಕಳ ಪುಟದ ಬಗ್ಗೆ. ಪ್ರತಿ ವಾರ ‘ಬಣ್ಣ ತುಂಬಿ’ ಎಂದು ಒಂದು ಮೊಲವನ್ನೋ ಜೋಕರನ್ನೋ ಗೆರೆಯಲ್ಲಿ ಅಚ್ಚು ಮಾಡುತ್ತೀರಿ. ನಮ್ಮ ಮಕ್ಕಳ ಮನೆಗೆ ಬರುವ ಏಕೈಕ ಚಿತ್ರದ ಪುಟ ಅದು. ಆ ಜಾಗವನ್ನು ಮಕ್ಕಳು ತಾವೇ ಬಿಡಿಸಿದ ಒಂದು ಚಿತ್ರಕ್ಕೆ ಕೊಡಿ, ಅಂಚೆಚೀಟಿಯಷ್ಟು ಚಿಕ್ಕದಾಗಿ ಹನ್ನೆರಡಲ್ಲ, ಒಂದೇ, ದೊಡ್ಡದಾಗಿ. ಕೆಳಗೆ ಆ ಮಗು ಚಿತ್ರದ ಬಗ್ಗೆ ಹೇಳಿದ ಮಾತು ಮತ್ತು ಯಾವುದರಿಂದ ಬಿಡಿಸಿತು ಎಂಬ ವಿವರ ಸಾಕು. ಬಹುಮಾನ ಬೇಡ.

ಮೊದಲ ವಾರಗಳಿಗೆ ಅನುಕೂಲವಾಗಲೆಂದು ನಮ್ಮ ಮಕ್ಕಳ ಕೆಲವು ಚಿತ್ರಗಳನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪಾಲಕರು ಒಪ್ಪಿದ್ದಾರೆ, ವಿವರ ಹಿಂಬದಿಯಲ್ಲಿದೆ. ಮರಳಿಸಲು ಅಂಚೆಚೀಟಿ ಹಚ್ಚಿದ ಲಕೋಟೆಯೂ ಇದೆ. ಮಣ್ಣಿನ ಬಣ್ಣದವು, ಮಡಚಿದರೆ ಉದುರುತ್ತವೆ.

ಇತಿ ತಮ್ಮ ವಿಶ್ವಾಸಿ,
ಕಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ
ಗದಗ ತಾಲ್ಲೂಕು